ತಲೆಯೆಣಿಕೆ ಮತ್ತು ಬೊಕ್ಕಸ: ಕ್ಯಾಲಿಫೋರ್ನಿಯಾದ ಬಾಲಸುಧಾರಣಾ ಶಾಲೆಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1891ರಲ್ಲಿ ವಿಟಿಯರ್‌ನಲ್ಲಿಯೂ 1894ರಲ್ಲಿ ಅಯೋನ್‌ನಲ್ಲಿಯೂ ತೆರೆದ ಸುಧಾರಣಾ ಶಾಲೆಗಳು ಬಾಲಾಪರಾಧಿಗಳನ್ನು ವಯಸ್ಕರ ಸೆರೆಮನೆಯಿಂದ ದೂರವಿಟ್ಟು ಕಸುಬು ಕಲಿಸುವ ಉದ್ದೇಶದವಾಗಿದ್ದು, 1941ರ ಕಾಯಿದೆಯ ಬಳಿಕ ‘ಯೂತ್ ಅಥಾರಿಟಿ’ ಎಂಬ ರಾಜ್ಯ ಇಲಾಖೆಯ ಆಡಳಿತಕ್ಕೆ ಒಳಪಟ್ಟವು. ಅಲ್ಲಿದ್ದ ಮಕ್ಕಳ ಸಂಖ್ಯೆ ಅಪರಾಧಗಳ ಜೊತೆಗಷ್ಟೇ ಏರಿಳಿಯಿತೆಂದು ಭಾವಿಸಿದರೆ ಈ ಇತಿಹಾಸದ ಅರ್ಧ ಭಾಗ ಕೈತಪ್ಪುತ್ತದೆ. ಉಳಿದರ್ಧ ಇರುವುದು ಖರ್ಚುವೆಚ್ಚದ ಲೆಕ್ಕದಲ್ಲಿ.

ಮಗುವನ್ನು ಶಾಲೆಗೆ ಒಪ್ಪಿಸುವ ತೀರ್ಮಾನ ಕೌಂಟಿಯ, ಅಂದರೆ ಜಿಲ್ಲೆಯಂಥ ಆಡಳಿತ ಘಟಕದ, ನ್ಯಾಯಾಲಯದ್ದಾಗಿತ್ತು. ಸಾಕುವ ವೆಚ್ಚದ ಬಹುಪಾಲು ರಾಜ್ಯದ್ದಾಗಿತ್ತು. 1965ರ ಕಾಯಿದೆಯೊಂದು, ಶಾಲೆಗೆ ಕಳುಹಿಸದೆ ಊರಲ್ಲಿಯೇ ಪರಿವೀಕ್ಷಣೆಯಲ್ಲಿಟ್ಟ ಪ್ರತಿಯೊಬ್ಬ ಅಪರಾಧಿಗೆ 4,000 ಡಾಲರ್‌ವರೆಗೆ ಕೌಂಟಿಗೆ ಸಹಾಯಧನ ನೀಡಿತು. ಶಾಲೆಗಳು ಬರಿದಾಗತೊಡಗಿದವು, ಕೆಲವು ಮುಚ್ಚಿಯೂ ಹೋದವು. ಆದರೆ ಕೌಂಟಿಗಳ ಸ್ಥಳೀಯ ಬಂಧನಗೃಹಗಳಲ್ಲಿ ಮಕ್ಕಳನ್ನು ಕೂಡಿಹಾಕುವುದು ಹೆಚ್ಚಿತೆಂಬುದನ್ನು ಸಂಶೋಧಕರು ಬಳಿಕ ಗುರುತಿಸಿದರು. ಎಣಿಕೆಯ ಪುಸ್ತಕ ಬದಲಾದಾಗ ಎಣಿಸಲ್ಪಟ್ಟವರು ಮಾಯವಾಗುವುದಿಲ್ಲವಷ್ಟೆ.

1978ರಲ್ಲಿ ಆ ಸಹಾಯಧನ ನಿಂತಿತು. ಅತ್ತ ಹಿಂಸಾತ್ಮಕ ಅಪರಾಧಗಳ ಭೀತಿ ಬೆಳೆದು ಶಿಕ್ಷೆ ಬಿಗಿಯಾಯಿತು. ಇತ್ತ ಕೌಂಟಿಯು ತಾನು ಕಳುಹಿಸಿದ ಮಗುವೊಂದಕ್ಕೆ ತೆರಬೇಕಾದ ಶುಲ್ಕ, 1960ರ ದಶಕದಲ್ಲಿ ನಿಗದಿಯಾದಂತೆಯೇ, ತಿಂಗಳಿಗೆ ಕೇವಲ 25 ಡಾಲರ್‌ಗಳಲ್ಲಿ ಉಳಿದಿತ್ತು. ಊರಲ್ಲಿಟ್ಟುಕೊಂಡು ತಿದ್ದುವುದಕ್ಕಿಂತ ದೂರ ಸಾಗಹಾಕುವುದೇ ಅಗ್ಗವಾದ ಈ ಏರ್ಪಾಟಿನಲ್ಲಿ, 1996ರ ಹೊತ್ತಿಗೆ ಇಲಾಖೆಯ ವಶದಲ್ಲಿದ್ದವರು ಸುಮಾರು 10,000 ಮಂದಿ. ಅದೇ ವರ್ಷ ಅಂಗೀಕೃತವಾದ ಶಾಸನವು ಶುಲ್ಕವನ್ನು ಏರಿಸಿದ್ದಲ್ಲದೆ, ಅಪರಾಧ ಲಘುವಾದಷ್ಟೂ ಕೌಂಟಿಯ ಪಾಲು ಹೆಚ್ಚುವಂತೆ ಮಾಡಿತು, ಒಪ್ಪಿಸುವಿಕೆ ಕುಸಿಯಿತು. ಬಾಲಾಪರಾಧಗಳೂ ಅದೇ ಕಾಲದಲ್ಲಿ ಇಳಿಯುತ್ತಿದ್ದುದರಿಂದ ಇಳಿಕೆಯೆಲ್ಲವನ್ನೂ ಶುಲ್ಕದ ಖಾತೆಗೆ ಬರೆಯುವುದು ನ್ಯಾಯವಲ್ಲವಾದರೂ, ಅದರ ಪಾತ್ರ ಸಣ್ಣದೇನಲ್ಲ. ಶಾಲೆಗಳೊಳಗಿನ ಹಿಂಸೆ ಮತ್ತು ಏಕಾಂತ ಬಂಧನದ ವಿರುದ್ಧ 2003ರಲ್ಲಿ ದಾವೆ ಹೂಡಲಾಯಿತು. 2007ರ ಕಾನೂನು, ಗಂಭೀರವಲ್ಲದ ಅಪರಾಧವೆಸಗಿದವರನ್ನು ಕಳುಹಿಸುವುದನ್ನೇ ನಿರ್ಬಂಧಿಸಿತು.

ರಾಷ್ಟ್ರದ ಚಿತ್ರವೂ ಇದನ್ನೇ ಹೋಲುತ್ತದೆ. ಒಂದು ಗೊತ್ತಾದ ದಿನ ಬಾಲಾಪರಾಧಿಗಳ ವಸತಿಗೃಹಗಳಲ್ಲಿರುವವರನ್ನು ಲೆಕ್ಕಹಾಕುವ ಗಣತಿಯು 1997ರಲ್ಲಿ ಆರಂಭವಾಗಿದ್ದು, ಶತಮಾನದ ತಿರುವಿನಲ್ಲಿ 1 ಲಕ್ಷವನ್ನು ಮೀರಿದ್ದ ಆ ಸಂಖ್ಯೆ 2019ರಲ್ಲಿ ಸುಮಾರು 36,000ಕ್ಕೂ ಕೋವಿಡ್ ಆವರಿಸಿದ 2020ರಲ್ಲಿ ಸುಮಾರು 25,000ಕ್ಕೂ ಇಳಿದಿತ್ತು.

ಕ್ಯಾಲಿಫೋರ್ನಿಯಾದ ಇಲಾಖೆಯ ಬಾಗಿಲುಗಳು 2023ರ ಜೂನ್ 30ರಂದು ಮುಚ್ಚಿದವು. ಅಂದಿನಿಂದ ರಾಜ್ಯದ ದಾಖಲೆಯಲ್ಲಿ ಅದರ ಲೆಕ್ಕ ಸೊನ್ನೆ. ಅವಧಿ ಮುಗಿಯದ ತರುಣರು ತಮ್ಮ ತಮ್ಮ ಕೌಂಟಿಗಳ ಬೀಗ ಹಾಕಿದ ಬಂಧನಗೃಹಗಳಿಗೆ ಮರಳಿದರು.