ಎಚ್‌ಐವಿ ಇದ್ದವರಿಗೆ ಆರೋಗ್ಯ ವಿಮೆ ಸಿಗುತ್ತಾ? ನಿಯಮ ಏನು ಹೇಳುತ್ತೆ?

ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ವಿಮೆ ನಿರಾಕರಿಸುವುದು ಕಾನೂನಿನ ಪ್ರಕಾರ ತಾರತಮ್ಯ. ಮಹಾರಾಷ್ಟ್ರದ ವೈಜಾಪುರದಲ್ಲಿರಲಿ, ಬೆಂಗಳೂರಿನಲ್ಲಿರಲಿ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ-ಏಡ್ಸ್ ಕಾಯ್ದೆ ಎಲ್ಲರಿಗೂ ಒಂದೇ. ಆದರೆ ಅದರಲ್ಲೇ ಒಂದು ವಿನಾಯಿತಿ ಇದೆ: ಅಪಾಯದ ಲೆಕ್ಕಾಚಾರದ ಅಧ್ಯಯನ ಆಧಾರವಾಗಿದ್ದರೆ ಕಂಪನಿ ನಿರಾಕರಿಸಬಹುದು.

ಇನ್ನೊಂದು ತೊಡಕು ಪಾಲಿಸಿಯಲ್ಲೇ ಇರಬಹುದು. ಗ್ರಾಹಕರ ಒಪ್ಪಿಗೆ ಪಡೆದು ಶಾಶ್ವತವಾಗಿ ಹೊರಗಿಡಬಹುದಾದ ಕಾಯಿಲೆಗಳ ಪಟ್ಟಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2019ರಲ್ಲಿ ಪ್ರಕಟಿಸಿತ್ತು. ಅದರಲ್ಲಿ ಎಚ್‌ಐವಿಯೂ ಇತ್ತು. ಹಾಗಾಗಿ ಸಹಿ ಹಾಕುವ ಮುನ್ನ ಹೊರಗಿಟ್ಟ ಕಾಯಿಲೆಗಳ ಪುಟವನ್ನು ತಪ್ಪದೇ ಓದಿ. ಏಜೆಂಟರ ಬಾಯಿಮಾತು ಸಾಲದು.

2024ರ ಏಪ್ರಿಲ್‌ನಿಂದ ಒಂದಷ್ಟು ನಿರಾಳ. ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 48 ತಿಂಗಳಿಂದ 36ಕ್ಕೆ ಇಳಿದಿದೆ. ಸತತ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾದರೆ ಹೊರತು, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ಕ್ಲೇಮ್ ತಿರಸ್ಕರಿಸುವಂತಿಲ್ಲ. ಹಾಗಂತ ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ, ಕ್ಲೇಮ್ ವೇಳೆ ಅದೇ ಮುಳುವಾದೀತು.

ಎಆರ್‌ಟಿ ಮಾತ್ರೆಗಳು 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ವಿಮೆ ಬೇಕಾಗುವುದು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾದಾಗ.

ಕಂಪನಿ ವಿಮೆ ನಿರಾಕರಿಸಿತೇ? ಕಾರಣವನ್ನು ಬರಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ, ಅಲ್ಲಿ ಬಗೆಹರಿಯದಿದ್ದರೆ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್‌ನಲ್ಲಿ ದೂರು ಕೊಡಿ.