ಲೆಕ್ಕ ಹಾಕುವ ಯಂತ್ರವಿಲ್ಲದ ಕಾಲದ ಜನಪ್ರಿಯತೆ

2006ರ ಮಾರ್ಚ್‌ನಲ್ಲಿ ಶುರುವಾದ ಟ್ವಿಟರ್‌ನ ಟೈಮ್‌ಲೈನ್ ಸುಮಾರು ಹತ್ತು ವರ್ಷ ಗಡಿಯಾರದ ಲೆಕ್ಕದಲ್ಲೇ ನಡೆಯಿತು. ತಾವು ಫಾಲೋ ಮಾಡಿದವರು ಬರೆದದ್ದು, ಹಂಚಿದ್ದು ಕಾಣುತ್ತಿತ್ತು. ಹೊಸದು ಮೇಲೆ, ಹಳೆಯದು ಕೆಳಗೆ. ಯಾರಿಗೆ ಯಾವುದು ಹಿಡಿಸೀತು ಎಂದು ಅಳೆದು ಜೋಡಿಸುವ ಅಲ್ಗಾರಿದಮ್ ಇರಲಿಲ್ಲ. ಅಪರಿಚಿತರ ಬರಹ ಓದುಗರ ಕಣ್ಣಿಗೆ ಬೀಳುವ ದಾರಿಗಳನ್ನು ಬಹುಮಟ್ಟಿಗೆ ಬಳಕೆದಾರರೇ ಮಾಡಿಕೊಂಡರು.

2007ರ ಆಗಸ್ಟ್ 23ರಂದು ಕ್ರಿಸ್ ಮೆಸಿನಾ ಎಂಬ ವಿನ್ಯಾಸಕ, ಒಂದೇ ವಿಷಯದ ಟ್ವೀಟ್‌ಗಳಿಗೆ ಹ್ಯಾಶ್ ಚಿಹ್ನೆ ಹಚ್ಚಬಹುದಲ್ಲ ಎಂದು ಸೂಚಿಸಿದರು. ಹಳೆಯ ಐಆರ್‌ಸಿ ಹರಟೆಕೋಣೆಗಳಲ್ಲಿ ಆ ಚಿಹ್ನೆ ಮೊದಲೇ ಬಳಕೆಯಲ್ಲಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯಾಗೋ ಸುತ್ತ ಕಾಳ್ಗಿಚ್ಚು ಹಬ್ಬಿದಾಗ ಹ್ಯಾಶ್‌ಟ್ಯಾಗ್ ಉಪಯೋಗಕ್ಕೆ ಬಂತು. 2009ರ ಹೊತ್ತಿಗೆ ಶುಕ್ರವಾರಗಳಂದು ‘ಇವರನ್ನು ಫಾಲೋ ಮಾಡಿ’ ಎಂದು ಹೆಸರು ಸೂಚಿಸುವ ರೂಢಿಯೂ ಬೆಳೆಯಿತು.

ಇನ್ನೊಬ್ಬರ ಮಾತನ್ನು ದಾಟಿಸಲು ಮೊದಮೊದಲು ಅದನ್ನು ನಕಲು ಮಾಡಿ, ಮುಂದೆ ‘ಆರ್‌ಟಿ’ ಎಂದೂ ಮೂಲ ಲೇಖಕರ ಹೆಸರನ್ನೂ ಸೇರಿಸಿ, ಎಲ್ಲವನ್ನೂ ಟ್ವೀಟಿನ ಆಗಿನ ಮಿತಿಯಾದ 140 ಅಕ್ಷರಗಳೊಳಗೆ ಹಿಡಿಸಬೇಕಿತ್ತು. ಈ ಶ್ರಮವೇ ಒಂದು ಜರಡಿಯಾಗಿತ್ತು. 2009ರ ಕೊನೆಯಲ್ಲಿ ರೀಟ್ವೀಟ್ ಗುಂಡಿ ಬಂದಾಗ ಜರಡಿಯ ಕಣ್ಣು ದೊಡ್ಡದಾಯಿತು. ಆ ಗುಂಡಿಯನ್ನು ಕಟ್ಟಿದ ತಂಡದ ಕ್ರಿಸ್ ವೆದರೆಲ್ ಹತ್ತು ವರ್ಷದ ಬಳಿಕ ಅದರ ಬಗ್ಗೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು.

ಅಲ್ಗಾರಿದಮ್ ಇಲ್ಲವೆಂದ ಮಾತ್ರಕ್ಕೆ ಪಕ್ಷಪಾತವಿರಲಿಲ್ಲ ಎನ್ನಲಾಗದು. 2009ರಲ್ಲಿ ಟ್ವಿಟರ್ ಹೊಸಬರಿಗೆ ತೋರಿಸುತ್ತಿದ್ದ ಶಿಫಾರಸು ಪಟ್ಟಿಯನ್ನು ಸಿಬ್ಬಂದಿಯೇ ಆರಿಸುತ್ತಿದ್ದರು. ಅದರಲ್ಲಿ ಹೆಸರು ಬಿದ್ದವರ ಹಿಂಬಾಲಕರು ದಿಢೀರನೆ ಏರಿದರು. ಹೊರಗುಳಿದವರು ಗೊಣಗಿದರು, ಅದರಲ್ಲಿ ನ್ಯಾಯವೂ ಇತ್ತು.

2016ರ ಫೆಬ್ರುವರಿಯಲ್ಲಿ ಟ್ವಿಟರ್ ಅಲ್ಗಾರಿದಮ್ ಆಧಾರಿತ ಟೈಮ್‌ಲೈನ್ ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಬಿಡುಗಡೆ ಮಾಡಿದ, ಟ್ವಿಟರ್ ಮಾದರಿಯ ಮಾಸ್ಟೊಡಾನ್ ಹಳೆಯ ಕ್ರಮವನ್ನೇ ಉಳಿಸಿಕೊಂಡಿತು. ಭಾರತದಲ್ಲಿ ಅದರ ಹೆಸರು ಹೆಚ್ಚು ಕೇಳಿಬಂದದ್ದು 2019ರ ನವೆಂಬರ್‌ನಲ್ಲಿ. ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದುದನ್ನು ವಿರೋಧಿಸಿ ಹಲವರು ಅಲ್ಲಿಗೆ ಹೋದರು.

ಮಾಸ್ಟೊಡಾನ್ ಒಂದೇ ತಾಣವಲ್ಲ, ಪರಸ್ಪರ ಮಾತಾಡುವ ಬಿಡಿ ಸರ್ವರ್‌ಗಳ ಜಾಲ. ಬರಹವನ್ನು ‘ಬೂಸ್ಟ್’ ಮಾಡಿದರೆ ಅದು ತಮ್ಮ ಹಿಂಬಾಲಕರಿಗೆ ದಾಟುತ್ತದೆ. ಮೆಚ್ಚುಗೆ ಒತ್ತಿದರೆ ಬರೆದವರಿಗೆ ತಿಳಿಯುತ್ತದೆ, ಆದರೆ ಇತರರ ಹೋಮ್ ಟೈಮ್‌ಲೈನ್‌ನಲ್ಲಿ ಬರಹ ಮೇಲೇರುವುದಿಲ್ಲ. ಬಿಡಿ ಸರ್ವರ್‌ಗಳ ಈ ಏರ್ಪಾಟಿನಲ್ಲಿ ತೊಡಕೂ ಇದೆ. ಬೇರೆ ಸರ್ವರ್‌ನವರ ಬರಹಗಳು ಸಾಮಾನ್ಯವಾಗಿ ತಲುಪುವುದು ನಮ್ಮ ಸರ್ವರ್‌ನಲ್ಲಿ ಯಾರಾದರೂ ಅವರನ್ನು ಫಾಲೋ ಮಾಡಿದ್ದರೆ, ಇಲ್ಲವೇ ನಮ್ಮ ಸರ್ವರ್‌ನವರು ಫಾಲೋ ಮಾಡುವ ಯಾರಾದರೂ ಆ ಬರಹಗಳನ್ನು ಬೂಸ್ಟ್ ಮಾಡಿದ್ದರೆ. ಆದ್ದರಿಂದ ಚಿಕ್ಕ ಸರ್ವರ್ ಸೇರಿದ ಹೊಸಬರಿಗೆ ಊರೇ ಖಾಲಿ ಎನಿಸುತ್ತದೆ. ಹ್ಯಾಶ್‌ಟ್ಯಾಗ್ ಹಚ್ಚಿ ಪರಿಚಯ ಬರೆದುಕೊಳ್ಳುವ ರೂಢಿ ಇಂಥ ಹೊಸಬರಿಗೆ ನೆರವಾಯಿತು.

ಟ್ವಿಟರ್ ಈಲಾನ್ ಮಸ್ಕ್ ಕೈಸೇರಿದ ಮೇಲೆ, 2022ರ ನವೆಂಬರ್‌ನಲ್ಲಿ, ಲಕ್ಷಾಂತರ ಜನ ಮಾಸ್ಟೊಡಾನ್‌ಗೆ ಬಂದರು. ಟ್ವಿಟರ್‌ನಂತೆ ಯಾವ ಪದವನ್ನಾದರೂ ಹುಡುಕುವ ಸೌಲಭ್ಯ ಬೇಕೆಂದರು. ಹಳಬರು ಒಪ್ಪಲಿಲ್ಲ: ಪದ ಹುಡುಕಿ ಬಂದು ಅಪರಿಚಿತರ ಮೇಲೆ ಮುಗಿಬೀಳುವುದನ್ನು ಅವರು ಬೇರೆಡೆ ಕಂಡಿದ್ದರು. 2023ರ ಸೆಪ್ಟೆಂಬರ್‌ನ 4.2 ಆವೃತ್ತಿಯಲ್ಲಿ ಆ ಸೌಲಭ್ಯ ಬಂತು. ಇತರರ ಸಾರ್ವಜನಿಕ ಬರಹಗಳ ಪೈಕಿ ಒಪ್ಪಿಗೆ ಕೊಟ್ಟವರವು ಮಾತ್ರ ಹುಡುಕಾಟಕ್ಕೆ ಸಿಗುವಂತೆ ಅದನ್ನು ರೂಪಿಸಲಾಯಿತು.