ಕಿಂಗ್‌ಸ್ಟನ್ನಿನ ಆಟಿಕೆಗಳು

ಜಮೈಕ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಕ್ರಿಕೆಟ್. ಮೈಕೇಲ್ ಹೋಲ್ಡಿಂಗ್, ಕೋರ್ಟ್ನಿ ವಾಲ್ಷ್ ಇಬ್ಬರೂ ಆ ದ್ವೀಪದವರು. ರಾಜಧಾನಿ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್ ಮೈದಾನದ ಹೆಸರೂ ಅನೇಕರಿಗೆ ಗೊತ್ತು. ಅದೇ ನಗರದ ಬಡ ಕೇರಿಗಳಲ್ಲಿ 1980ರ ದಶಕದಲ್ಲಿ ನಡೆದ ಇನ್ನೊಂದು ಬಗೆಯ ಆಟದ ಸಂಗತಿ ಮಾತ್ರ ಹೆಚ್ಚು ಜನರಿಗೆ ತಿಳಿಯದು.

ವೆಸ್ಟ್ ಇಂಡೀಸ್ ವಿಶ್ವವಿದ್ಯಾನಿಲಯದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ಸಂಶೋಧನೆ ನಡೆಸುತ್ತಿದ್ದರು. ತೀವ್ರ ಅಪೌಷ್ಟಿಕತೆಯಿಂದ ಆಸ್ಪತ್ರೆ ಸೇರಿದ ಮಕ್ಕಳು ಚಿಕಿತ್ಸೆಯಿಂದ ಮೈತುಂಬಿಕೊಂಡು ಮನೆಗೆ ಹೋದರೂ ಮಾತು, ಚಟುವಟಿಕೆ, ಗ್ರಹಿಕೆಗಳಲ್ಲಿ ಹಿಂದೆಯೇ ಉಳಿಯುತ್ತಿದ್ದರು. ಹೊಟ್ಟೆ ತುಂಬಿದರೆ ಬುದ್ಧಿಯೂ ತಾನಾಗಿ ಅರಳುವುದೇ? ಅಥವಾ ಅದಕ್ಕೆ ಬೇರೆ ಆರೈಕೆ ಬೇಕೇ? ಈ ಪ್ರಶ್ನೆಯಿಂದ ಪ್ರಯೋಗವು ಹುಟ್ಟಿತು.

1986-87ರಲ್ಲಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ 129 ಮಕ್ಕಳನ್ನು ಗುರುತಿಸಲಾಯಿತು. ಅವರ ವಯಸ್ಸು 9ರಿಂದ 24 ತಿಂಗಳು. ಅವರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ವಾರಕ್ಕೆ ಒಂದು ಕಿಲೋ ಹಾಲಿನ ಪೌಷ್ಟಿಕ ಪುಡಿ, ಇನ್ನೊಂದಕ್ಕೆ ವಾರಕ್ಕೊಮ್ಮೆ ಒಂದು ಗಂಟೆಯ ಆಟದ ಭೇಟಿ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಮಗುವಿಗೆಂದು ಕೊಟ್ಟ ಹಾಲಿನ ಪುಡಿ ಬಡವರ ಮನೆಯಲ್ಲಿ ಎಲ್ಲರಿಗೂ ಹಂಚಿಹೋಗುವುದು ಸಹಜ. ಅದನ್ನು ತಿಳಿದೇ ಮನೆಯ ಉಳಿದವರಿಗೆಂದು ಮೆಕ್ಕೆಜೋಳದ ಹಿಟ್ಟನ್ನೂ ಹಾಲಿನ ಪುಡಿಯನ್ನೂ ಬೇರೆಯಾಗಿ ಕೊಟ್ಟರು. ಲೋಕಾನುಭವವಿಲ್ಲದವರಿಗೆ ಇಂಥ ಯೋಚನೆ ಹೊಳೆಯುವುದಿಲ್ಲ.

ಮನೆಗಳಿಗೆ ಹೋದವರು ವೈದ್ಯರಲ್ಲ, ಪದವೀಧರರೂ ಅಲ್ಲ. ಕೆಲವು ವಾರಗಳ ತರಬೇತಿ ಪಡೆದ ಸಮುದಾಯ ಆರೋಗ್ಯ ಸಹಾಯಕಿಯರು. ಅವರು ತರುತ್ತಿದ್ದ ಆಟಿಕೆಗಳೂ ಅಂಗಡಿಯವಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿ, ಬಾಟಲಿಯ ಮುಚ್ಚಳ, ರಟ್ಟು, ಬಟ್ಟೆಯ ಚೂರು ಮೊದಲಾದ ಮನೆಯ ಸಾಮಾನುಗಳಿಂದ ಮಾಡಿದವು. ಸಹಾಯಕಿ ನೆಲದ ಮೇಲೆ ತಾಯಿಮಗುವಿನ ಜೊತೆ ಕುಳಿತು ಆಡುವಳು. ವಸ್ತುಗಳ ಹೆಸರು ಹೇಳುವುದು, ಮಗುವಿನ ತೊದಲಿಗೆ ಉತ್ತರ ಕೊಡುವುದು, ಬೈಯದೆ ಹೊಗಳುವುದು, ಇಷ್ಟೇ ಪಾಠ. ಹೊರಡುವಾಗ ಆಟಿಕೆಯನ್ನು ಅಲ್ಲಿಯೇ ಬಿಟ್ಟು, ಮುಂದಿನ ವಾರ ಅದನ್ನು ಮರಳಿ ಪಡೆದು ಬೇರೆಯದನ್ನು ಕೊಡುವಳು. ನಡುವಿನ ಆರು ದಿನ ಆಡಿಸಬೇಕಾದವಳು ತಾಯಿ. ನಿಜವಾಗಿ ಕಲಿಯಬೇಕಾದ ವಿದ್ಯಾರ್ಥಿನಿಯೂ ಅವಳೇ ಎಂಬುದನ್ನು ಮರೆತರೆ ಈ ಪ್ರಯೋಗ ಅರ್ಥವಾಗುವುದಿಲ್ಲ.

ಯಾರಾದರೂ ವಾರವಾರ ಬಂದು ವಿಚಾರಿಸಿದರೆ ಅಷ್ಟಕ್ಕೇ ಮನೆಯವರು ಹುರುಪುಗೊಳ್ಳಬಹುದಲ್ಲವೇ ಎಂದು ನೀವು ಕೇಳಬಹುದು. ಆ ಸಂಶಯ ಸಂಶೋಧಕರಿಗೂ ಇತ್ತು. ಆದ್ದರಿಂದ ಮಗುವಿನ ಆರೋಗ್ಯ ವಿಚಾರಿಸುವ ನೆಪದಲ್ಲಿ ನಾಲ್ಕೂ ಗುಂಪಿನ ಮನೆಗಳಿಗೆ ಪ್ರತಿವಾರ ಭೇಟಿ ಕೊಟ್ಟರು. ವ್ಯತ್ಯಾಸವಿದ್ದದ್ದು ಆಟದಲ್ಲಿ ಮಾತ್ರ.

ಎರಡು ವರ್ಷಗಳ ಬಳಿಕ ಹಾಲು ಪಡೆದವರೂ ಆಟ ಪಡೆದವರೂ ಮುಂದೆ ಬಂದಿದ್ದರು. ಎರಡನ್ನೂ ಪಡೆದವರು ಸರಿಯಾಗಿ ಬೆಳೆದ ಮಕ್ಕಳನ್ನು ಹೆಚ್ಚು ಕಡಿಮೆ ಸರಿಗಟ್ಟಿದ್ದರು. 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ಪ್ರಕಟಿಸಿತು. ಆದರೆ ವಿಸ್ಮಯ ಕಾದಿದ್ದು ಮುಂದೆ. ಮಕ್ಕಳು ದೊಡ್ಡವರಾದಂತೆ ಹಾಲಿನಿಂದ ಬುದ್ಧಿಗೆ ಬಂದ ಲಾಭ ಮಾಸಿಹೋಯಿತು. ಆಟದ ಲಾಭ ಉಳಿಯಿತು. 22ನೆಯ ವಯಸ್ಸಿನಲ್ಲಿ 105 ಮಂದಿಯನ್ನು ಮತ್ತೆ ಹುಡುಕಿ ವಿಚಾರಿಸಿದಾಗ, ಆಟದ ಭೇಟಿ ಪಡೆದವರ ಸಂಪಾದನೆ ಪಡೆಯದವರಿಗಿಂತ ಶೇಕಡ 25ರಷ್ಟು ಹೆಚ್ಚಾಗಿತ್ತು. ಅರ್ಥಶಾಸ್ತ್ರಜ್ಞರಾದ ಪಾಲ್ ಗರ್ಟ್ಲರ್, ನೊಬೆಲ್ ಪುರಸ್ಕೃತ ಜೇಮ್ಸ್ ಹೆಕ್‌ಮನ್ ಮೊದಲಾದವರು 2014ರಲ್ಲಿ ಈ ಲೆಕ್ಕವನ್ನು ಮುಂದಿಟ್ಟರು.

129 ಮಕ್ಕಳೆಂದರೆ ಸಣ್ಣ ಸಂಖ್ಯೆ. ಇದರಿಂದ ಜಗತ್ತಿಗೆಲ್ಲ ನಿಯಮ ಹೇಳುವುದು ದುಡುಕಾದೀತು. ಕೊಲಂಬಿಯ ದೇಶದಲ್ಲಿ ಇದೇ ಮಾದರಿಯನ್ನು ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ನಡೆಸಿದಾಗ ಮೊದಲು ಲಾಭ ಕಂಡಿತು. ಭೇಟಿಗಳು ನಿಂತು ಎರಡು ವರ್ಷವಾಗುವಷ್ಟರಲ್ಲಿ ಅದು ಉಳಿಯಲಿಲ್ಲ. ನಮ್ಮ ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ 2010ರ ದಶಕದಲ್ಲಿ ನಡೆದ ಪ್ರಯೋಗ ಉತ್ತಮ ಫಲ ಕೊಟ್ಟಿತು.

ನಮ್ಮಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿ ಕಾರ್ಯಕರ್ತೆಯ ಕರ್ತವ್ಯಗಳಲ್ಲಿ ಮನೆ ಭೇಟಿಯನ್ನೂ ಸೇರಿಸಿದೆ. ಆಕೆಗೆ ಊಟದ ವ್ಯವಸ್ಥೆ, ತೂಕ, ದಾಖಲೆ ಪುಸ್ತಕ, ಚುಚ್ಚುಮದ್ದಿನ ದಿನ ಇವೆಲ್ಲವೂ ಇವೆ. ಕಿಂಗ್‌ಸ್ಟನ್ನಿನಲ್ಲಿ ಒಂದೊಂದು ಮಗುವಿನ ಮುಂದೆ ನೆಲದ ಮೇಲೆ ಕುಳಿತು ಕಳೆದ ಸಮಯ ಎರಡು ವರ್ಷಕ್ಕೆ ಸುಮಾರು ನೂರು ಗಂಟೆ.